ಊರ ಹೆಸರಿಗೂ ಗೇಣಿ

ಸುಳ್ಯ ತಾಲ್ಲೂಕಿನ ಅರಂತೋಡಿನಿಂದ ಎಲಿಮಲೆಯತ್ತ ಹೊರಟರೆ ದಾರಿಯಲ್ಲಿ ಮರ್ಕಂಜ ಸಿಗುತ್ತದೆ. ಗುಡ್ಡದಲ್ಲಿ ರಬ್ಬರು, ತಗ್ಗಿನಲ್ಲಿ ಅಡಿಕೆ, ತೋಟದ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಹಳದಿ ಎಲೆ ರೋಗದಿಂದ ಈ ಭಾಗದ ಎಷ್ಟೋ ಅಡಿಕೆ ತೋಟಗಳು ಸೊರಗಿವೆ. ಹಾಗಾಗಿ ‘ಆದಾಯಕ್ಕೆ ಬೇರೆ ದಾರಿ ಉಂಟಾ?’ ಎಂಬ ಪ್ರಶ್ನೆ ಇಲ್ಲಿನ ಮನೆಗಳಿಗೆ ಹೊಸದಲ್ಲ.

ಕಂಪ್ಯೂಟರ್ ಕಲಿತ ಮಕ್ಕಳಿಗೆ ಹೊಳೆಯುವ ಒಂದು ದಾರಿಯೆಂದರೆ, ಅಂತರ್ಜಾಲದಲ್ಲಿ ಊರು, ಬೆಳೆಗಳ ಹೆಸರನ್ನು ಮೊದಲೇ ಕಾಯ್ದಿರಿಸಿ, ಬಳಿಕ ಹೆಚ್ಚಿನ ಬೆಲೆಗೆ ಮಾರುವುದು. ಇಂಥ ಹೆಸರಿಗೆ ‘ಡೊಮೇನ್’ ಎನ್ನುತ್ತಾರೆ. ಅಂತರ್ಜಾಲದ ಕಂಪ್ಯೂಟರುಗಳಿಗೆ ಇರುವುದು ಅಂಕಿಗಳ ವಿಳಾಸ. ಅದನ್ನು ನೆನಪಿಡುವುದು ಕಷ್ಟವಾದ್ದರಿಂದ ಅಕ್ಷರದ ಹೆಸರುಗಳು ಬಂದವು. ಒಂದು ಹೆಸರು ಒಬ್ಬರಿಗೆ ಮಾತ್ರ. ಬೆಲೆ ಹುಟ್ಟುವುದೇ ಅದರಿಂದ.

ಭಾರತದ ‘ಡಾಟ್ ಇನ್’ ಹೆಸರುಗಳು 2005ರಲ್ಲಿ ಸಾರ್ವಜನಿಕರಿಗೆ ತೆರೆದವು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಬದಲಾದಾಗ ‘ಮ್ಯಾಂಗಲೋರ್’ ಜೊತೆಗೆ ‘ಮಂಗಳೂರು’ ಎಂಬುದೂ ಇಂಗ್ಲಿಷ್ ಅಕ್ಷರದಲ್ಲಿ ಬೇಡಿಕೆಯ ಹೆಸರಾಯಿತು. ಈಗ ಕನ್ನಡ ಲಿಪಿಯಲ್ಲೇ ‘.ಭಾರತ’ ಎಂಬ ಕೊನೆಯೂ ಇದೆ. ಇಂಗ್ಲಿಷಿನಲ್ಲಿ ಮರ್ಕಂಜವನ್ನು ಹಲವು ಬಗೆಯಲ್ಲಿ ಬರೆಯಬಹುದು. ಕನ್ನಡದಲ್ಲಿ ಆ ಗೊಂದಲವಿಲ್ಲ.

ಆದರೆ ಪೋಷಕರು ತಿಳಿಯಬೇಕಾದ ಮಾತೊಂದಿದೆ. ಡೊಮೇನ್ ಖರೀದಿಯಲ್ಲ, ಗೇಣಿ. ಅದೂ ಕಾಯಂ ಆದ ಮೂಲಗೇಣಿಯಲ್ಲ, ಹಳೆಯ ಚಾಲಗೇಣಿಯಂಥದು. ‘ಡಾಟ್ ಇನ್’ ಹೆಸರನ್ನು ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ ಪಡೆಯಬಹುದು. ನವೀಕರಿಸದಿದ್ದರೆ ಬೇರೆಯವರ ಪಾಲಾಗುತ್ತದೆ. 1974ರ ಭೂಸುಧಾರಣೆ ಗೇಣಿದಾರರನ್ನು ಒಡೆಯರನ್ನಾಗಿಸಿತು. ಡೊಮೇನಿಗೆ ಅಂಥ ಕಾಯಿದೆಯಿಲ್ಲ. ಒಂದು ಹೆಸರಿಗೆ ವರ್ಷಕ್ಕೆ 700 ರೂಪಾಯಿ ಎಂದು ಹಿಡಿದರೆ 50 ಹೆಸರಿಗೆ 35,000 ರೂಪಾಯಿ. ಗಿರಾಕಿ ಬಾರದಿದ್ದರೂ ಮರುವರ್ಷ ಅಷ್ಟೇ ತೆರಬೇಕು.

ಇನ್ನೊಬ್ಬರ ವ್ಯಾಪಾರದ ಹೆಸರನ್ನು ಕಾಯ್ದಿರಿಸುವುದಂತೂ ಅಪಾಯ. ವ್ಯಾಪಾರಚಿಹ್ನೆಗೆ ಇರುವ ರಕ್ಷಣೆ ಡೊಮೇನಿಗೂ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟು 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ. 2024ರಲ್ಲಿ ದೆಹಲಿಯ ಯುವ ತಂತ್ರಜ್ಞನೊಬ್ಬ ‘ಜಿಯೊಹಾಟ್‌ಸ್ಟಾರ್’ ಹೆಸರನ್ನು ಹಿಡಿದಿಟ್ಟು, ತನ್ನ ಕೇಂಬ್ರಿಜ್ ವ್ಯಾಸಂಗದ ಖರ್ಚನ್ನು ಕಂಪೆನಿ ಭರಿಸಲೆಂದು ಕೇಳಿದ್ದ. ಆ ಹಣ ಸಿಗಲಿಲ್ಲ.

ಮಾರುವ ಆಸೆಯಿಂದ ಐವತ್ತು ಹೆಸರು ಹಿಡಿಯುವ ಬದಲು ವಿದ್ಯಾರ್ಥಿಗಳು ತಮ್ಮೂರಿನ ಒಂದೇ ಹೆಸರನ್ನು ಕಾಯ್ದಿರಿಸಲಿ. ಅದರಲ್ಲಿ ಊರಿನ ಮಳೆಯ ಲೆಕ್ಕ, ಬಸ್ಸಿನ ಸಮಯ, ಮಾರಾಟಕ್ಕಿರುವ ಕಾಳುಮೆಣಸು, ಜೇನಿನ ವಿವರ ಹಾಕಲಿ. ಹಳದಿ ರೋಗದ ತೋಟಗಳ ಚಿತ್ರ, ಮಾಹಿತಿಯನ್ನು ವರ್ಷ ವರ್ಷ ಸೇರಿಸಿದರೆ ಅದು ಕೃಷಿಕರಿಗೂ ಸಂಶೋಧಕರಿಗೂ ಉಪಯೋಗವಾದೀತು. ಮುಂದೆ ಯಾರೂ ಕೊಳ್ಳದಿದ್ದರೂ ಕಟ್ಟಿದ ಗೇಣಿ ವ್ಯರ್ಥವಾಗದು.