ಎಸ್.ಪಿ. ರಸ್ತೆಯಲ್ಲಿ ಸಿಕ್ಕಿದ ಉಮ್ಮನ ದನಿ

ಬೆಂಗಳೂರಿಗೆ ಹೋದರೆ ನೀವು ಲಾಲ್‌ಬಾಗ್ ನೋಡುತ್ತೀರಿ, ಚಿಕ್ಕಪೇಟೆಯಲ್ಲಿ ಬಟ್ಟೆ ಕೊಳ್ಳುತ್ತೀರಿ. ಅಲ್ಲಿಂದ ನಡೆದುಹೋಗುವಷ್ಟೇ ದೂರದಲ್ಲಿರುವ ಎಸ್.ಪಿ. ರಸ್ತೆಗೆ ನಾವು ಹೆಂಗಸರು ಹೋಗುವುದು ಕಡಿಮೆ. ರಸ್ತೆಯ ಎರಡೂ ಬದಿಯಲ್ಲಿ ತಂತಿ, ಸ್ಪೀಕರ್, ಕಂಪ್ಯೂಟರ್ ಅಂಗಡಿಗಳು. ದಿನಸಿ ಅಂಗಡಿಯ ಬೇಳೆಕಾಳಿನಂತೆ ಡಬ್ಬಗಳಲ್ಲಿ ತುಂಬಿಟ್ಟ ಪುಟ್ಟ ಬಿಡಿಭಾಗಗಳು.

ಕಳೆದ ಡಿಸೆಂಬರ್‌ನಲ್ಲಿ ನಾನು ಅಲ್ಲಿಗೆ ಹೋದದ್ದು ಬೆರಳುದ್ದದ ಒಂದು ಎಂಪಿ3 ಪ್ಲೇಯರ್ ಹಿಡಿದುಕೊಂಡು. 2007ರಲ್ಲಿ ಅಣ್ಣ ದುಬೈಯಿಂದ ತಂದದ್ದು. ನನ್ನ ಮಗಳನ್ನು ಮಲಗಿಸುತ್ತಾ ಉಮ್ಮ ಹಾಡಿದ ಬ್ಯಾರಿ ಜೋಗುಳ ಅದರಲ್ಲಿತ್ತು. ಉಮ್ಮ ತೀರಿಕೊಂಡು ಒಂಬತ್ತು ವರ್ಷ. ಅವರ ದನಿ ಬೇರೆಲ್ಲೂ ಇರಲಿಲ್ಲ. ಪ್ಲೇಯರ್ ಮಾತ್ರ ಎಷ್ಟು ಒತ್ತಿದರೂ ಬೆಳಗುತ್ತಿರಲಿಲ್ಲ. ಊರಿನ ಅಂಗಡಿಯವರು, “ಫಾರ್ಮ್ಯಾಟ್ ಮಾಡಿದರೆ ಸರಿಯಾಗುತ್ತದೆ” ಎಂದಿದ್ದರು. ಏಕೋ ಮನಸ್ಸು ಒಪ್ಪಲಿಲ್ಲ.

ಕಿರಿದಾದ ಮೆಟ್ಟಿಲು ಹತ್ತಿ ಹೋದರೆ ರಿಪೇರಿಯ ಹುಡುಗ ಪ್ಲೇಯರನ್ನು ಬಿಚ್ಚಿ ನೋಡಿ, “ಅಕ್ಕಾ, ಸತ್ತಿರೋದು ಹಾಡಲ್ಲ, ಹಾಡಿಸೋನು” ಎಂದ.

ಅವನು ವಿವರಿಸಿದ್ದನ್ನು ನಿಮಗೂ ಹೇಳುತ್ತೇನೆ. ಇಂತಹ ಅಗ್ಗದ ಪ್ಲೇಯರ್‌ಗಳಲ್ಲಿ ಹೆಚ್ಚಾಗಿ ಒಂದೇ ಫ್ಲ್ಯಾಶ್ ಚಿಪ್ ಇರುತ್ತದೆ. ಅದರ ಒಂದು ಭಾಗದಲ್ಲಿ ನಮ್ಮ ಹಾಡುಗಳು. ಕಂಪ್ಯೂಟರಿಗೆ ಜೋಡಿಸಿದರೂ ಕಾಣದ ಇನ್ನೊಂದು ಭಾಗದಲ್ಲಿ ಫರ್ಮ್‌ವೇರ್, ಅಂದರೆ ಪರದೆ ಬೆಳಗಿಸುವ, ಗುಂಡಿಯ ಮಾತು ಕೇಳುವ, ಹಾಡು ಹಾಡಿಸುವ ಆದೇಶಗಳು. ಈ ಆದೇಶಗಳು ಕೆಟ್ಟರೆ ಹಾಡುಗಳು ಇದ್ದಲ್ಲೇ ಇದ್ದರೂ ಹೊರಗೆ ಬರಲಾರವು. ಆಗ ಫಾರ್ಮ್ಯಾಟ್ ಮಾಡಿದರೆ ಉಳಿದದ್ದೂ ಹೋಗುತ್ತದೆ.

ಬಿಸಿಗಾಳಿ ಹಾಯಿಸಿ ಚಿಪ್ಪನ್ನು ಬಿಡಿಸಿದ. ಬದಿಗೆ ಇಪ್ಪತ್ತನಾಲ್ಕರಂತೆ 48 ಕಾಲುಗಳು! ಒಂದು ಬಾಗಿದರೂ ಕಷ್ಟ. ಅದನ್ನು ರೀಡರ್‌ನಲ್ಲಿ ಕೂರಿಸಿ ಪುಟ ಪುಟವಾಗಿ ಓದಿಸಿದ. ಪ್ರತಿ ಪುಟದಲ್ಲಿ 2048 ಬೈಟ್ ಮಾಹಿತಿ, ಜೊತೆಗೆ ತಪ್ಪು ತಿದ್ದಲು 64 ಬೈಟ್. ಎರಡು ಸಲ ಓದಿಸಿ ತಾಳೆ ನೋಡಿದ. ಆಮೇಲೆ ಗುಜರಿ ಡಬ್ಬದಿಂದ ಅದೇ ಮಾದರಿಯ ಇನ್ನೊಂದು ಪ್ಲೇಯರ್ ಹುಡುಕಿ, ಅದರ ಫರ್ಮ್‌ವೇರನ್ನೂ ಹೊರತೆಗೆದು ಪಕ್ಕದಲ್ಲಿಟ್ಟ. ನಮ್ಮದು ಎಲ್ಲಿ ಕೆಟ್ಟಿದೆಯೆಂದು ತಿಳಿಯಿತು. “ಪ್ಲೇಯರನ್ನ ಆಮೇಲೆ ಎಬ್ಬಿಸೋಣ. ಮೊದಲು ಅಮ್ಮನ ದನಿ” ಎಂದ.

ಹದಿನಾಲ್ಕು ನಿಮಿಷದ ಜೋಗುಳದಲ್ಲಿ ಹನ್ನೊಂದು ನಿಮಿಷ ಸಿಕ್ಕಿತು. ನಡುವೆ ಅಡುಗೆಮನೆಯ ಕುಕ್ಕರ್ ಸೀಟಿಯೂ ಇತ್ತು. ಉಳಿದ ಮೂರು ನಿಮಿಷವನ್ನು ಕಾಲ ನುಂಗಿತ್ತು. ಫ್ಲ್ಯಾಶ್ ಚಿಪ್ಪು ನೆನಪಿಡುವುದು ವಿದ್ಯುತ್ ಕಣಗಳನ್ನು ಒಳಗೆ ಹಿಡಿದಿಟ್ಟು. ವರ್ಷಗಳು ಕಳೆದಂತೆ ಅವು ಮೆಲ್ಲನೆ ಸೋರಿಹೋಗುತ್ತವೆ.

ಸಹೋದರಿಯರೇ, ನಿಮ್ಮ ಕಪಾಟಿನಲ್ಲೂ ಇಂತಹ ಹಳೆಯ ಪ್ಲೇಯರ್, ಮೊಬೈಲ್ ಇರಬಹುದು. ಕೆಲಸ ಮಾಡುತ್ತಿದ್ದರೆ ಈ ವಾರವೇ ಅದರಲ್ಲಿರುವುದನ್ನು ಎರಡು ಕಡೆ ಪ್ರತಿ ಮಾಡಿಡಿ. ಕೆಟ್ಟಿದ್ದರೆ ಎಸೆಯಬೇಡಿ, ಫಾರ್ಮ್ಯಾಟ್ ಮಾಡಲೂ ಬಿಡಬೇಡಿ. ಒಳಗೆ ಯಾರ ದನಿಯಿದೆಯೆಂದು ರಿಪೇರಿಯವರಿಗೆ ಮೊದಲೇ ಹೇಳಿ.

ಆ ರಾತ್ರಿ ಊರಿನ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ. ಯಾರನ್ನು ಮಲಗಿಸಲು ಉಮ್ಮ ಹಾಡಿದ್ದರೋ ಆ ಮಗಳು ಪಕ್ಕದಲ್ಲೇ ಕೂತಿದ್ದಳು. ಒಂದು ಕಿವಿಯದ್ದನ್ನು ಅವಳಿಗೆ ಕೊಟ್ಟೆ.