‘ಕೊಡು’ ಎಂಬ ಚಿಕ್ಕ ಪದ

ಇಂಗ್ಲಿಷ್ ಕಲಿಯುವವರನ್ನು ಕಾಡುವುದು ಉದ್ದುದ್ದನೆಯ ಪದಗಳಲ್ಲ, ‘ಗಿವ್’ನಂಥ ಚಿಕ್ಕ ಪದಗಳು. ‘ಗಿವ್’ ಎಂದರೆ ಕೊಡು. ಇದನ್ನು ಮಕ್ಕಳೂ ಬಲ್ಲರು. ಅದರ ಬೆನ್ನಿಗೆ ‘ಇನ್’ ಬಂದರೆ ಮಣಿಯುವುದು. ‘ಔಟ್’ ಬಂದರೆ ಹಂಚುವುದೂ ಹೌದು, ಶಕ್ತಿ ಉಡುಗುವುದೂ ಹೌದು. ‘ಗಿವ್ ಅವೇ’ ಎಂದರೆ ದಾನ ಮಾಡುವುದು, ಮದುವೆಯಲ್ಲಿ ತಂದೆ ಮಗಳನ್ನು ಒಪ್ಪಿಸುವುದು, ಗುಟ್ಟು ಬಿಟ್ಟುಕೊಡುವುದು, ಮೂರೂ! ಪರದೇಶದವರಿಗೆ ಇಂಥ ಪ್ರಯೋಗಗಳು ಬಹು ಕಠಿಣವೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲಿಯೇ ಒಪ್ಪಿಕೊಂಡಿರುವರು.

ನಮ್ಮ ಭಾವನವರು ಇಂಗ್ಲೆಂಡಿನಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಪಾರ್ಶ್ವವಾಯುವಿಗೆ ತುತ್ತಾದರು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹೆಣ್ಣುಮಗಳು ದಿನವೂ ‘ಡೋಂಟ್ ಗಿವ್ ಅಪ್’ ಎನ್ನುತ್ತಿದ್ದಳಂತೆ. ‘ಅಪ್’ ಎಂಬುದಷ್ಟೇ ತಿಳಿದು, ಕೈ ಮೇಲೆತ್ತಬೇಡಿರೆಂದು ಹೇಳುತ್ತಿರುವಳೆಂದು ಬಗೆದ ಇವರು ಎರಡು ದಿನ ಕೈ ಎತ್ತಲೇ ಇಲ್ಲ. ಚೇತರಿಕೆಯ ಆ ಮೊದಲ ದಿನಗಳು ಎಷ್ಟು ಅಮೂಲ್ಯವೆಂಬುದನ್ನು ಅನುಭವಿಸಿದ ಮನೆಗಳವರೇ ಬಲ್ಲರು. ಮಗ ಬಂದು, “ಅಪ್ಪಾಜಿ, ಪ್ರಯತ್ನ ಕೈಬಿಡಬೇಡಿ ಎನ್ನುತ್ತಿದ್ದಾಳೆ” ಎಂದು ವಿವರಿಸಿದಾಗ ಅವರು ನಕ್ಕು, “ಕಾಲು ಕೈಕೊಟ್ಟಿದೆ, ಆದರೂ ಕೈಬಿಡುವುದಿಲ್ಲ ಎಂದು ಆ ತಾಯಿಗೆ ಇಂಗ್ಲಿಷಿನಲ್ಲಿ ಹೇಳು ನೋಡೋಣ” ಎಂದರಂತೆ. ಮಗ ತಬ್ಬಿಬ್ಬಾದನಂತೆ.

ನಿಜವೇ. ಕಿವಿಗೊಡುವಾಗ ಕಿವಿಯನ್ನು, ಮನಗೊಡುವಾಗ ಮನವನ್ನು ನಾವು ಕಿತ್ತುಕೊಡುತ್ತೇವೆಯೆ? ಶಾಲೆಯಲ್ಲಿ ಇಂಥವನ್ನು ಪಟ್ಟಿಮಾಡಿ ಉರುಹೊಡೆಸುವರು. ಅದು ನನಗೆ ಒಪ್ಪಿಗೆಯಿಲ್ಲ. ಮೊಮ್ಮಗಳಿಗೆ ನಾನು ಕನ್ನಡದ ‘ಕೊಡು’ವಿನ ಪಕ್ಕದಲ್ಲಿಟ್ಟು, ಒಂದೊಂದು ವಾಕ್ಯದೊಡನೆ ಹೇಳಿಕೊಡುತ್ತಿದ್ದೇನೆ. ‘ಗಿವ್’ ಮುಗಿದು ಈಗ ‘ಪುಟ್’ಗೆ ಬಂದಿದ್ದೇವೆ.