ತಗ್ಗಿದವರ ಪಾಲು

ಕಂಪ್ಯೂಟರುಗಳಿಗೂ ತಗ್ಗಿ ನಡೆಯುವುದನ್ನು ಕಲಿಸಿದ್ದಾರಂತೆ. ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸದಲ್ಲಿರುವ ನನ್ನ ತಂಗಿಯ ಮಗಳು ಹೀಗೆಂದಾಗ ನನಗೆ ನಗು ಬಂತು. ಆ ಪಾಠ ನಮಗೊಬ್ಬರಿಗೇ ಮೀಸಲೆಂದು ತಿಳಿದಿದ್ದೆ.

ನಾವು ಕಳಿಸುವ ಫೋಟೋ, ಪತ್ರ ಎಲ್ಲವೂ ಚಿಕ್ಕ ಚಿಕ್ಕ ಪ್ಯಾಕೆಟ್‌ಗಳಾಗಿ ಹೊರಡುತ್ತವೆ. ದಾರಿಯ ಕೂಡುರಸ್ತೆಗಳಲ್ಲಿ ರೌಟರ್ ಎಂಬ ಯಂತ್ರದೆದುರು ಸಾಲುಗಟ್ಟಿ ನಿಲ್ಲುತ್ತವೆ. ಸಾಲು ತುಂಬಿದರೆ ಮತ್ತೆ ಬಂದವಕ್ಕೆ ಜಾಗವಿಲ್ಲ, ಅವು ಕಳೆದುಹೋದಂತೆಯೇ. ತಲುಪಿದ್ದಕ್ಕೆ ರಸೀತಿ ಬಾರದಿದ್ದರೆ ಕಳಿಸಿದ ಕಂಪ್ಯೂಟರು ಅದನ್ನೇ ಮತ್ತೆ ಕಳಿಸುತ್ತದೆ. ಎಲ್ಲರೂ ಹಾಗೆ ಮಾಡಿದರೆ? 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಆದದ್ದು ಅದೇ. ನಡುವಿನ ದೂರ ಬರೀ 400 ಗಜ. ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದಲ್ಲಿ 40ಕ್ಕೆ ಇಳಿಯಿತು. ಕಾಗದ ಹಿಡಿದು ನಡೆದೇ ಹೋಗಿದ್ದರೆ ಬೇಗ ತಲುಪುತ್ತಿತ್ತೇನೋ! ವ್ಯಾನ್ ಜೇಕಬ್ಸನ್ ಮತ್ತು ಮೈಕೆಲ್ ಕ್ಯಾರೆಲ್ಸ್ 1988ರಲ್ಲಿ ಪರಿಹಾರ ಬರೆದರು: ಮೊದಲು ಸ್ವಲ್ಪ ಕಳಿಸು, ತಲುಪಿದರೆ ಹೆಚ್ಚಿಸು, ಕಳೆದುಹೋದರೆ ಕೂಡಲೇ ಕಡಿಮೆ ಮಾಡು. ಕಾವಲಿಗೆ ಪೋಲೀಸರಿಲ್ಲ. ಕಳಿಸುವವರೇ ತಗ್ಗಬೇಕು.

ಆಮೇಲೆ ಬಂದವರು ಸ್ಯಾಲಿ ಫ್ಲಾಯ್ಡ್. ಸಮಾಜಶಾಸ್ತ್ರದ ಬಿ.ಎ. ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ರೈಲು ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ಕೆಲಸ ಮಾಡಿ, ಮತ್ತೆ ಓದಿ, ನಲವತ್ತರ ಹೊಸ್ತಿಲಲ್ಲಿ 1989ರಲ್ಲಿ ಡಾಕ್ಟರೇಟ್ ಪಡೆದಾಕೆ. 1993ರಲ್ಲಿ ಜೇಕಬ್ಸನ್ ಜೊತೆ ಹೊಸದೊಂದು ವಿಧಾನ ಸೂಚಿಸಿದರು. ಸಾಲು ತುಂಬುವವರೆಗೆ ಕಾಯಬೇಡಿ, ಬೆಳೆಯುತ್ತಿರುವಾಗಲೇ ಅಲ್ಲೊಂದು ಇಲ್ಲೊಂದು ಪ್ಯಾಕೆಟ್ ಬೀಳಿಸಿ. ಹೆಚ್ಚು ಕಳಿಸುವವರದೇ ಹೆಚ್ಚು ಬೀಳುತ್ತದೆ, ಅವರು ಸಕಾಲದಲ್ಲಿ ತಗ್ಗುತ್ತಾರೆ.

"ತಗ್ಗದವನಿಗೇನು ಮಾಡ್ತಾರೆ?" ಎಂದೆ.

"ತಗ್ಗಿದವರ ಪಾಲನ್ನೂ ಅವನೇ ತಗೋತಾನೆ, ದೊಡ್ಡಮ್ಮ."

ಇದನ್ನು ತಿಳಿಯಲು ಕಂಪ್ಯೂಟರ್ ಓದಬೇಕಿಲ್ಲ. ಇವಳ ತಾಯಿ, ನನ್ನ ತಂಗಿ, ಕೂಡುಕುಟುಂಬದಲ್ಲಿ ಮೂವತ್ತು ವರ್ಷ "ನನಗೇನೂ ಬೇಡ" ಎನ್ನುತ್ತಲೇ ಬಂದಳು. ಬೇಡವೆಂದವಳನ್ನು ಯಾರೂ ಮತ್ತೆ ಕೇಳಲಿಲ್ಲ. ಆದರೆ ಫ್ಲಾಯ್ಡ್ ತಗ್ಗಿ ನಡೆಯಿರಿ ಎಂದಷ್ಟೇ ಹೇಳಿ ಕೈ ತೊಳೆದುಕೊಳ್ಳಲಿಲ್ಲ. ತಗ್ಗದವರನ್ನು ರೌಟರ್‌ಗಳೇ ಗುರುತಿಸಿ ಹತೋಟಿಯಲ್ಲಿಡಬೇಕೆಂದು ಕೆವಿನ್ ಫಾಲ್ ಜೊತೆ 1999ರಲ್ಲಿ ಬರೆದರು. ಉಳಿದೆಲ್ಲಕ್ಕಿಂತ ಇದು ನನಗೆ ಹಿಡಿಸಿತು.

ವೇಗದ ದಾರಿಗಳಲ್ಲಿ ಇನ್ನೊಂದು ತೊಡಕು. ಸೆಕೆಂಡಿಗೆ 1,000 ಕೋಟಿ ಬಿಟ್ ಸಾಗುವ ದಾರಿ, ಹೋಗಿಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಎಂದಿಟ್ಟುಕೊಳ್ಳಿ. ಆಗ ಸುಮಾರು 83,000 ಪ್ಯಾಕೆಟ್ ಒಟ್ಟಿಗೆ ದಾರಿಯಲ್ಲಿರುತ್ತವೆ. ಒಂದು ಕಳೆದರೂ ಅರ್ಧಕ್ಕೆ ಇಳಿಯಬೇಕು, ಮತ್ತೆ ಪ್ರತಿ ಸುತ್ತಿಗೆ ಒಂದೊಂದೇ ಏರಿಸಬೇಕು. ನೋಟ್‌ಬುಕ್ಕಿನ ಹಿಂಬದಿಯಲ್ಲಿ ನಾನೇ ಲೆಕ್ಕ ಹಾಕಿದೆ: ಮೊದಲಿನಂತಾಗಲು ಒಂದು ಗಂಟೆಯ ಮೇಲೆ! ಅಷ್ಟು ಹೊತ್ತೂ ದಾರಿ ಅರೆಖಾಲಿ. ಇಂಥ ಕಡೆ ಅಷ್ಟೊಂದು ತಗ್ಗಬೇಕಿಲ್ಲ, ಬೇಗ ಏರಬಹುದು ಎಂಬ ನಿಯಮವನ್ನು ಫ್ಲಾಯ್ಡ್ 2003ರಲ್ಲಿ ಬರೆದರು. ಪ್ಯಾಕೆಟ್‌ಗಳು ಪದೇ ಪದೇ ಕಳೆಯುವ ಇಕ್ಕಟ್ಟಿನ ದಾರಿಗಳಿಗೆ ಹಳೆಯ ನಿಯಮವನ್ನೇ ಉಳಿಸಿದರು, ಅಲ್ಲಿರುವ ಉಳಿದವರ ಪಾಲಿಗೆ ಕೈ ಹಾಕಬಾರದೆಂದು. ಆಕೆ 2019ರಲ್ಲಿ ತೀರಿಕೊಂಡರು.